ಪೈಪಿನೊಳಗಿನ ಲೋಳೆ

ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಕಬ್ಬು ಅರೆಯುವ ಹಂಗಾಮು ಶುರುವಾಯಿತೆಂದರೆ ಸಕ್ಕರೆ ಕಾರ್ಖಾನೆಯ ಕೆಮಿಸ್ಟರಿಗೆ ಒಂದು ಚಿಂತೆ ಹತ್ತಿಕೊಳ್ಳುತ್ತದೆ. ಕಡಿದ ಕಬ್ಬು ಟ್ರ್ಯಾಕ್ಟರಿನಲ್ಲಿ, ಕಾರ್ಖಾನೆಯ ಅಂಗಳದಲ್ಲಿ ಒಂದೆರಡು ದಿನ ಬಿಸಿಲಿಗೆ ನಿಂತರೆ ಸಾಕು, ಲ್ಯೂಕೊನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ ಕಡಿದ ತುದಿಯಿಂದ ಒಳಹೊಗುತ್ತದೆ. ಸಕ್ಕರೆಯನ್ನು ತಿನ್ನುತ್ತಲೇ ಡೆಕ್ಸ್ಟ್ರಾನ್ ಎಂಬ ಅಂಟನ್ನು ಉತ್ಪತ್ತಿ ಮಾಡುತ್ತದೆ. ರಸ ಮಂದವಾಗುತ್ತದೆ, ಸೋಸುವುದು ತಡವಾಗುತ್ತದೆ, ಇಳುವರಿ ಇಳಿಯುತ್ತದೆ. ಗಾಣದ ಕೆಳಗಿನ ತೊಟ್ಟಿಗೂ ಪೈಪಿಗೂ ಲೋಳೆ ಮೆತ್ತಿಕೊಳ್ಳುತ್ತದೆ. ಬರೀ ಔಷಧ ಸುರಿದರೆ ಅದು ಬಿಡುವುದಿಲ್ಲ. ಹಬೆ ಹಾಯಿಸಿ, ಬಿಸಿನೀರು ಹೊಡೆದು, ತಿಕ್ಕಿ ತೆಗೆಯಬೇಕು.

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕೃಷ್ಣೆಗೆ ಕಟ್ಟಿದ ಬ್ಯಾರೇಜಿನ ಬಳಿ ನೀರಿಗಿಳಿದವರಿಗೆ ಇದರದೇ ಇನ್ನೊಂದು ರೂಪ ಗೊತ್ತು: ಕಾಲಿಟ್ಟ ಕಡೆ ಜಾರುವ ಕಲ್ಲು. ಆ ಜಾರಿಕೆಯೂ ಸೂಕ್ಷ್ಮಜೀವಿಗಳು ಒಟ್ಟುಗೂಡಿ ಕಟ್ಟಿಕೊಂಡ ಪದರವೇ. ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಹರಿಯುವ ನೀರು, ಅದರ ಮಗ್ಗುಲಲ್ಲಿ ಅಲುಗದ ಒಂದು ಮೇಲ್ಮೈ, ಇವೆರಡು ಇದ್ದಲ್ಲೆಲ್ಲ ಬಯೋಫಿಲ್ಮ್ ಬೆಳೆಯುತ್ತದೆ. ನದಿಯ ಕಲ್ಲಿನ ಮೇಲೆ, ಕಾರ್ಖಾನೆಯ ಪೈಪಿನಲ್ಲಿ, ಹಲ್ಲಿನ ಸಂದಿಯಲ್ಲಿ. ಹಾಗೆಯೇ ದವಾಖಾನೆಯಲ್ಲಿ ಮಲಗಿದ ರೋಗಿಯ ಕುತ್ತಿಗೆಗೆ, ಮೂತ್ರಕೋಶಕ್ಕೆ ಹಾಕಿದ ಕ್ಯಾಥೆಟರ್ ಎಂಬ ನಳಿಗೆಯಲ್ಲಿ. ಜನ ಅದನ್ನು ಸರಳವಾಗಿ ಪೈಪು ಎನ್ನುತ್ತಾರೆ.

ಹಲ್ಲಿನ ಮೇಲಿನ ಪದರವನ್ನು ಮೊದಲು ಕಂಡವನು ಹಾಲೆಂಡಿನ ಲೇವನ್‌ಹುಕ್. ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ತನ್ನ ಹಲ್ಲಿನ ಕಿಟ್ಟವನ್ನು ನೋಡಿ, ಅದರೊಳಗೆ ಹರಿದಾಡುವ ಜೀವಿಗಳ ವಿಷಯವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. 1684ರಲ್ಲಿ ಅದು ಅಚ್ಚಾಯಿತು. ಅವನು ಇನ್ನೊಂದು ಸಂಗತಿಯನ್ನೂ ಗಮನಿಸಿದ್ದ. ವಿನೆಗರ್‌ನಿಂದ ಬಾಯಿ ಮುಕ್ಕಳಿಸಿದಾಗ ಕಿಟ್ಟದ ಹೊರಗಿನ ಜೀವಿಗಳು ಸತ್ತವು, ಒಳಗಿನವು ಬದುಕಿದವು. ಐಸಿಯುಗಳಲ್ಲಿ ಇಂದು ಎದುರಾಗಿರುವ ಸಂಕಟದ ತಿರುಳು ಈ ಒಂದು ಮಾತಿನಲ್ಲಿದೆ. ಆದರೂ ಸೂಕ್ಷ್ಮಜೀವಿ ವಿಜ್ಞಾನ ಮುಂದಿನ ಮುನ್ನೂರು ವರ್ಷ ಗಾಜಿನ ನಳಿಕೆಯ ನೀರಿನಲ್ಲಿ ಒಂಟಿಯಾಗಿ ಈಜುವ ಬ್ಯಾಕ್ಟೀರಿಯಾಗಳನ್ನೇ ಅಭ್ಯಾಸ ಮಾಡಿತು. ಬ್ಯಾಕ್ಟೀರಿಯಾ ಹೆಚ್ಚಾಗಿ ಅಂಟಿಕೊಂಡು, ಗುಂಪಾಗಿ ಬದುಕುತ್ತದೆ ಎಂದು ಕೆನಡಾದ ಬಿಲ್ ಕಾಸ್ಟರ್ಟನ್ 1978ರಲ್ಲಿ ಒತ್ತಿ ಹೇಳಿದ ಮೇಲೆಯೇ ವೈದ್ಯರ ಕಣ್ಣು ಆ ಕಡೆ ತಿರುಗಿದ್ದು. ನಾಲ್ಕು ವರ್ಷಗಳ ನಂತರ ಅವರ ತಂಡ ಪೇಸ್‌ಮೇಕರ್ ಇದ್ದ ಒಬ್ಬ ರೋಗಿಯ ವರದಿ ಪ್ರಕಟಿಸಿತು. ಆಂಟಿಬಯಾಟಿಕ್ ಕೊಟ್ಟರೂ ರಕ್ತದ ಸೋಂಕು ಮತ್ತೆ ಮತ್ತೆ ಮರುಕಳಿಸುತ್ತಿತ್ತು. ಪೇಸ್‌ಮೇಕರಿನ ತಂತಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ತುಂಬ ಸ್ಟೆಫಿಲೊಕಾಕಸ್ ಗುಂಪು, ಗುಂಪಿನ ಸುತ್ತ ದಪ್ಪ ಲೋಳೆ.

ಈ ಪದರ ಕಟ್ಟುವ ಬಗೆ ಹೀಗೆ. ರಕ್ತನಾಳಕ್ಕೆ ಪೈಪು ಇಳಿದ ಸ್ವಲ್ಪ ಹೊತ್ತಿನಲ್ಲೇ ರಕ್ತದ ಪ್ರೋಟೀನುಗಳು ಅದರ ಮೈಗೆ ಲೇಪವಾಗುತ್ತವೆ. ಚರ್ಮದ ಮೇಲೆ ಯಾರಿಗೂ ತೊಂದರೆ ಕೊಡದೆ ಬದುಕುವ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಪೈಪು ಹೊಕ್ಕ ತೂತಿನ ಪಕ್ಕದಿಂದ ಜಾರಿ ಬಂದು ಆ ಲೇಪವನ್ನು ಹಿಡಿಯುತ್ತದೆ. ವಾರಗಟ್ಟಲೆ ಉಳಿದ ಪೈಪಾದರೆ ದಾರಿ ಬೇರೆ: ಔಷಧ ಕೊಡಲು ಪದೇ ಪದೇ ತೆರೆಯುವ ಬಾಯಿಯಿಂದ, ಅಂದರೆ ಮುಟ್ಟುವವರ ಕೈಯಿಂದ, ಬ್ಯಾಕ್ಟೀರಿಯಾ ಪೈಪಿನ ಒಳಗೋಡೆಗೆ ಇಳಿಯುತ್ತದೆ. ಅಂಟಿದ ಮೇಲೆ ಅವು ರಾಸಾಯನಿಕ ಸಂಕೇತಗಳಿಂದ ಒಂದರ ಇರವನ್ನು ಇನ್ನೊಂದು ತಿಳಿಯುತ್ತವೆ. ಸಂಖ್ಯೆ ಸಾಕಷ್ಟಾಯಿತೆಂದು ಗೊತ್ತಾದೊಡನೆ ಸಕ್ಕರೆಯ ಸರಪಳಿ, ಪ್ರೋಟೀನು, ಡಿಎನ್ಎ ಎಳೆಗಳಿಂದ ಸುತ್ತ ಲೋಳೆ ಕಟ್ಟುತ್ತವೆ. ಅದರಲ್ಲಿ ನೀರಿನ ಪಾಲೇ ಹೆಚ್ಚು. ಪದರ ಬಲಿತಾಗ ಅದರ ಚೂರುಗಳು ಕಳಚಿ ರಕ್ತಕ್ಕೆ ಸೇರುತ್ತವೆ. ರೋಗಿಗೆ ಚಳಿ ನಡುಕ ಬರುವುದು ಆಗ.

ಲೋಳೆಯೊಳಗೆ ಔಷಧ ಏಕೆ ಸೋಲುತ್ತದೆ? ಔಷಧ ಒಳಗೆ ನುಸುಳುವುದು ತಡವಾಗುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಪದರದ ತಳದಲ್ಲಿದೆ. ಅಲ್ಲಿ ಗಾಳಿಯೂ ಆಹಾರವೂ ಕಡಿಮೆ, ಬ್ಯಾಕ್ಟೀರಿಯಾ ಬೆಳೆಯುವುದನ್ನೇ ನಿಲ್ಲಿಸಿ, ಮಳೆಗೆ ಕಾದು ಎರೆಮಣ್ಣಿನಲ್ಲಿ ಬಿದ್ದ ಬೀಜದಂತೆ ಸುಮ್ಮನಿರುತ್ತದೆ. ಹೆಚ್ಚಿನ ಆಂಟಿಬಯಾಟಿಕ್‌ಗಳು ಬೆಳೆಯುತ್ತಿರುವ ಕೋಶವನ್ನು ಕೊಲ್ಲುವಂಥವು. ಮಲಗಿದ ಕೋಶದ ತಂಟೆಗೆ ಅವು ಹೋಗವು. ಔಷಧದ ಕೋರ್ಸು ಮುಗಿದು ಜ್ವರ ಇಳಿಯುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ, ಮಲಗಿದ್ದು ಏಳುತ್ತದೆ.

ಇಲ್ಲಿ ಎರಡು ಬೇರೆ ಸಂಗತಿಗಳನ್ನು ಬಿಡಿಸಿ ನೋಡುವುದು ಮುಖ್ಯ. ಲೋಳೆಯ ಮರೆಯಲ್ಲಿ ಬದುಕುಳಿಯುವ ಬ್ಯಾಕ್ಟೀರಿಯಾವನ್ನು ಹೊರಗೆ ತೆಗೆದು ಲ್ಯಾಬಿನಲ್ಲಿ ಬೆಳೆಸಿದರೆ ಅದೇ ಔಷಧಕ್ಕೆ ಸಾಯಬಹುದು. ಔಷಧವನ್ನೇ ಒಡೆದುಹಾಕುವ ಜೀನ್ ಹೊತ್ತ ಬ್ಯಾಕ್ಟೀರಿಯಾ ಎಲ್ಲಿದ್ದರೂ ಸಾಯುವುದಿಲ್ಲ. ಅಂಥ ಜೀನ್‌ಗಳಲ್ಲಿ ಕುಖ್ಯಾತವಾದ ಎನ್‌ಡಿಎಂ-1 ಬೆಳಕಿಗೆ ಬಂದದ್ದೂ ಒಬ್ಬ ರೋಗಿಯ ಮೂತ್ರದಿಂದಲೇ. ದೆಹಲಿಯಲ್ಲಿ ಚಿಕಿತ್ಸೆ ಪಡೆದು 2008ರಲ್ಲಿ ಸ್ವೀಡನ್ನಿಗೆ ಮರಳಿದ ಭಾರತ ಮೂಲದ ರೋಗಿಯ ಮೂತ್ರದ ಕ್ಲೆಬ್ಸಿಯೆಲ್ಲಾದಲ್ಲಿ ಅದು ಸಿಕ್ಕಿತು. ಐಸಿಯುಗಳ ಕೊನೆಯ ಆಸರೆಯಾದ ಕಾರ್ಬಪೆನೆಮ್ ಇಂಜೆಕ್ಷನ್‌ಗಳನ್ನು ಅದು ನಿಷ್ಫಲಗೊಳಿಸುತ್ತದೆ. ಬಯೋಫಿಲ್ಮಿನಲ್ಲಿ ಕೋಶಕ್ಕೆ ಕೋಶ ಒತ್ತಿಕೊಂಡಿರುವುದರಿಂದ ಇಂಥ ಜೀನ್‌ಗಳು ಒಂದರಿಂದ ಇನ್ನೊಂದಕ್ಕೆ ದಾಟುವುದೂ ಸುಲಭ. ಮರೆ ಮತ್ತು ಪ್ರತಿರೋಧ ಕೂಡಿದಾಗ ವೈದ್ಯರ ಕೈಯಲ್ಲಿ ಉಳಿಯುವ ಔಷಧಗಳು ಬೆರಳೆಣಿಕೆಯಷ್ಟು. ಭಾರತದ 26 ಆಸ್ಪತ್ರೆಗಳ 89 ಐಸಿಯುಗಳಿಂದ ಲೆಕ್ಕ ಕೂಡಿಸಿ 2022ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ವರದಿಯಲ್ಲಿ ರಕ್ತದ ಸೋಂಕಿಗೆ ಕಾರಣವಾದವುಗಳ ಪೈಕಿ ಕ್ಲೆಬ್ಸಿಯೆಲ್ಲಾ ಮೊದಲನೆಯದು. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತವರು ಜಗತ್ತಿನಲ್ಲಿ ಸುಮಾರು 12.7 ಲಕ್ಷ ಎಂದು ಲ್ಯಾನ್ಸೆಟ್ ಪತ್ರಿಕೆಯ ಅಂದಾಜು.

ಈ ಸೀಮೆಯ ಜನರಿಗೆ ದೊಡ್ಡ ಜಡ್ಡು ಬಂದರೆ ದಾರಿ ಹಲವು. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿ. ಗಡಿಯಾಚೆ ಮಿರಜ, ಅಲ್ಲಿ ವಿಲಿಯಂ ವಾನ್ಲೆಸ್ 1894ರಲ್ಲಿ ತೆರೆದ ಮಿಷನ್ ದವಾಖಾನೆಯ ಕಾಲದಿಂದಲೂ ಕನ್ನಡದ ರೋಗಿಗಳು ಹೋಗುತ್ತಲೇ ಇದ್ದಾರೆ. ರೋಗಿ ಊರಿಂದ ಊರಿಗೆ ಹೋಗುವಾಗ ಪೈಪೂ ಜೊತೆಗೇ ಹೋಗುತ್ತದೆ. ತಾಲ್ಲೂಕು ದವಾಖಾನೆಯಲ್ಲಿ ಅವಸರದಲ್ಲಿ ಹಾಕಿದ್ದು ಆಂಬುಲೆನ್ಸಿನಲ್ಲಿ ಪ್ರಯಾಣಿಸಿ ಜಿಲ್ಲಾ ಕೇಂದ್ರದ ವಾರ್ಡು ಸೇರುತ್ತದೆ. ಅದನ್ನು ಯಾವಾಗ ಹಾಕಿದರು, ಏಕೆ ಹಾಕಿದರು ಎಂಬ ಟಿಪ್ಪಣಿ ಕಾಗದದ ಮೇಲೆ ಜೊತೆಗೆ ಹೋಗದಿದ್ದರೆ, ಬೇಕಿಲ್ಲದ ಪೈಪು ದಿನಗಟ್ಟಲೆ ಉಳಿದುಬಿಡುತ್ತದೆ.

ಒಂದೊಂದು ದಿನಕ್ಕೂ ಬೆಲೆಯಿದೆ. ಮೂತ್ರದ ಕ್ಯಾಥೆಟರ್ ಇದ್ದವರಲ್ಲಿ ಪ್ರತಿದಿನ ನೂರಕ್ಕೆ 3ರಿಂದ 7 ಜನರ ಮೂತ್ರಕ್ಕೆ ಬ್ಯಾಕ್ಟೀರಿಯಾ ಹೊಸದಾಗಿ ಸೇರುತ್ತದೆ. ತಿಂಗಳು ಕಳೆದರೆ ಬಹುತೇಕ ಎಲ್ಲರಲ್ಲೂ ಇರುತ್ತದೆ. ಪ್ರೋಟಿಯಸ್ ಎಂಬುದು ಸೇರಿದರಂತೂ ಅದು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಮೂತ್ರ ಕ್ಷಾರವಾಗುತ್ತದೆ, ಲೋಳೆಯ ಮೇಲೆ ಸುಣ್ಣದಂಥ ಹರಳು ಕೂತು ಪೈಪು ಕಟ್ಟಿಕೊಳ್ಳುತ್ತದೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗವೂ ಹಾಸಿಗೆಯೂ ಒಂದೇ ಪಡಸಾಲೆಯಲ್ಲಿರುವ ಮನೆಯಲ್ಲಿ, ಪ್ರಾಸ್ಟೇಟ್ ತೊಂದರೆಗೆ ಪೈಪು ಹಾಕಿಸಿಕೊಂಡ ಹಿರಿಯರನ್ನು ನೋಡಿಕೊಳ್ಳುವವರು ತಿಳಿದಿರಬೇಕಾದ್ದು ಹೆಚ್ಚೇನಿಲ್ಲ. ಮೂತ್ರದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಚೀಲ ಖಾಲಿ ಮಾಡುವ ಮುಂಚೆಯೂ ನಂತರವೂ ಸಾಬೂನಿನಿಂದ ಕೈ ತೊಳೆಯಬೇಕು. ಪೈಪಿಗೂ ಚೀಲಕ್ಕೂ ಇರುವ ಜೋಡಣೆಯನ್ನು ಬಿಚ್ಚಬಾರದು. ಜ್ವರ, ನೋವು, ನಡುಕ ಯಾವುದೂ ಇಲ್ಲದೆ ಬರೀ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು ಅಂಗಡಿಯಿಂದ ಗುಳಿಗೆ ತಂದು ನುಂಗಿಸುವುದು ಸಲ್ಲದು. ಅದರಿಂದ ಪೈಪು ಸ್ವಚ್ಛವಾಗುವುದಿಲ್ಲ, ಮುಂದೆ ಬೇಕಾಗುವ ಔಷಧ ಇಂದೇ ಹಾಳಾಗುತ್ತದೆ. ಪಟ್ಟಿಮಾಡಿದ ಬಲವಾದ ಆಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು ಎಂಬ ಎಚ್-1 ನಿಯಮ 2014ರ ಮಾರ್ಚಿನಿಂದ ಜಾರಿಯಲ್ಲಿದೆ. ಅಂಗಡಿಯವರು ಚೀಟಿ ಕೇಳಿದರೆ ಸಿಟ್ಟಾಗುವುದು ಬೇಡ.

ವಾರ್ಡಿನಲ್ಲಿ ಕೂತ ಮಗ, ಸೊಸೆ, ತಮ್ಮ ಯಾರಾದರೂ ದಿನಾ ಬೆಳಿಗ್ಗೆ ಕೇಳಬಹುದಾದ ಒಂದು ಮಾತಿದೆ: “ಸಿಸ್ಟರ್, ಈ ಪೈಪ್ ಇನ್ನಾ ಬೇಕೇನ್ರೀ, ತಗೀಬಹುದೇನ್ರೀ?” ಇದು ವೈದ್ಯರ ಕೆಲಸದಲ್ಲಿ ಕೈಹಾಕಿದಂತಲ್ಲ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯರು ಐಸಿಯುಗಳಿಗೆ ಹೊಸ ಯಂತ್ರವನ್ನಾಗಲಿ ಹೊಸ ಔಷಧವನ್ನಾಗಲಿ ಕೊಡಲಿಲ್ಲ. ಕೈ ತೊಳೆಯಿರಿ, ಪೈಪು ಹಾಕುವಾಗ ರೋಗಿಯ ಮೈಯನ್ನೆಲ್ಲ ಶುದ್ಧ ಬಟ್ಟೆಯಿಂದ ಮುಚ್ಚಿ, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಹಚ್ಚಿ, ತೊಡೆಸಂದಿಯ ನಾಳವನ್ನು ಆದಷ್ಟು ಬಿಡಿ, ಬೇಡವಾದ ಪೈಪನ್ನು ತೆಗೆದುಹಾಕಿ. ಇಷ್ಟನ್ನು ಪ್ರತಿಸಲ ತಪ್ಪದೆ ಮಾಡಿಸಿದರು. ಹಂತ ತಪ್ಪಿದರೆ ವೈದ್ಯರನ್ನು ತಡೆಯುವ ಅಧಿಕಾರ ನರ್ಸಿಗಿತ್ತು. 103 ಐಸಿಯುಗಳ ಫಲಿತಾಂಶ 2006ರಲ್ಲಿ ಪ್ರಕಟವಾದಾಗ ಪೈಪಿನಿಂದ ಬರುವ ರಕ್ತದ ಸೋಂಕು ಮೂರರಲ್ಲಿ ಎರಡು ಪಾಲು ಇಳಿದಿತ್ತು. ನರ್ಸ್ ತಡೆದರೆ ವೈದ್ಯರು ನಿಲ್ಲಬೇಕು ಎಂಬ ಆ ಒಂದು ಏರ್ಪಾಡು ನಮ್ಮ ಆಸ್ಪತ್ರೆಗಳಿಗೆ ಎಲ್ಲಕ್ಕಿಂತ ಮೊದಲು ಬರಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಳೆಯನ್ನೇ ಒಡೆಯುವ ಪ್ರಯತ್ನವೊಂದು ನಡೆದಿದೆ. ಸೂಕ್ಷ್ಮಜೀವಿ ವಿಜ್ಞಾನಿ ದೀಪಶಿಖಾ ಚಕ್ರವರ್ತಿ ಅವರ ತಂಡವೂ ವಾಯುಯಾನ ಎಂಜಿನಿಯರಿಂಗಿನ ಗೋಪಾಲನ್ ಜಗದೀಶ್ ಅವರ ತಂಡವೂ ಕೂಡಿ ಮೂತ್ರದ ಕ್ಯಾಥೆಟರಿನಲ್ಲಿ ಸಾಲ್ಮೊನೆಲ್ಲಾ, ಸೂಡೊಮೊನಾಸ್, ಸ್ಟೆಫಿಲೊಕಾಕಸ್ ಬೆಳೆಸಿ, ಅದರ ಮೇಲೆ ಆಘಾತ ತರಂಗ ಹಾಯಿಸಿದರು. ಮೂತ್ರಪಿಂಡದ ಕಲ್ಲನ್ನು ಹೊರಗಿನಿಂದಲೇ ಪುಡಿಮಾಡಲು ಬಳಸುವುದೂ ಆಘಾತ ತರಂಗವನ್ನೇ. ಪದರ ಕಿತ್ತುಬಂತು. ಸೋಂಕು ತಗುಲಿದ ಇಲಿಗಳಲ್ಲೂ ತರಂಗ ಮತ್ತು ಆಂಟಿಬಯಾಟಿಕ್ ಎರಡನ್ನೂ ಕೂಡಿಸಿ ಕೊಟ್ಟಾಗ ಔಷಧ ಕೆಲಸ ಮಾಡಿತು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ರೋಗಿಯ ಹಾಸಿಗೆಯ ಬಳಿ ಮಾತ್ರ ಹಳೆಯ ಉಪಾಯವೇ ಗಟ್ಟಿ. ಕುತ್ತಿಗೆಗೆ ಹಾಕಿದ ಪೈಪಿನ ಮೂಲಕ ಡಯಾಲಿಸಿಸ್ ಶುರುವಾದ ಸ್ವಲ್ಪ ಹೊತ್ತಿಗೆ ನಡುಕ ಬಂದರೆ ಆ ಪೈಪಿನ ಮೇಲೆ ಅನುಮಾನ ಬರಬೇಕು. ಆಂಟಿಬಯಾಟಿಕ್ ಕೊಡುವ ಮುಂಚೆ ಪೈಪಿನಿಂದ ಒಂದು, ತೋಳಿನ ನಾಳದಿಂದ ಒಂದು ರಕ್ತದ ಮಾದರಿಯನ್ನು ಒಂದೇ ಹೊತ್ತಿಗೆ ತೆಗೆದು ಕಲ್ಚರಿಗೆ ಕಳಿಸುತ್ತಾರೆ. ಪೈಪಿನ ಮಾದರಿಯಲ್ಲಿ ಬ್ಯಾಕ್ಟೀರಿಯಾ ಎರಡು ತಾಸಾದರೂ ಮೊದಲು ಬೆಳೆದು ಕಂಡರೆ ಮೂಲ ಅಲ್ಲಿದೆ ಎಂದರ್ಥ. ಕೆಲವು ಸೌಮ್ಯ ಬ್ಯಾಕ್ಟೀರಿಯಾಗಳಿಗೆ ಪೈಪಿನೊಳಗೇ ಔಷಧ ತುಂಬಿ ತಾಸುಗಟ್ಟಲೆ ಬಿಟ್ಟು ನೋಡುತ್ತಾರೆ. ಸ್ಟೆಫಿಲೊಕಾಕಸ್ ಆರಿಯಸ್, ಸೂಡೊಮೊನಾಸ್, ಕ್ಯಾಂಡಿಡಾ ಶಿಲೀಂಧ್ರವಾದರೆ ಪೈಪನ್ನೇ ತೆಗೆಯುತ್ತಾರೆ.

ಕುತ್ತಿಗೆಯ ಪೈಪೇ ಬೇಡದ ಹಾಗೆ ಮಾಡುವ ದಾರಿಯೂ ಇದೆ. ಮುಂಗೈಯ ಅಪಧಮನಿಯನ್ನೂ ಅಭಿಧಮನಿಯನ್ನೂ ಸಣ್ಣ ಶಸ್ತ್ರಚಿಕಿತ್ಸೆಯಿಂದ ಜೋಡಿಸುವ ಫಿಸ್ಟುಲಾದಲ್ಲಿ ಹೊರಗಿನ ವಸ್ತು ಒಂದೂ ಒಳಗೆ ಉಳಿಯುವುದಿಲ್ಲ, ಲೋಳೆಗೆ ನೆಲೆಯಿಲ್ಲ. ಆದರೆ ಅದು ಬಲಿಯಲು ಒಂದೂವರೆ-ಎರಡು ತಿಂಗಳಾದರೂ ಬೇಕು. ಆದ್ದರಿಂದ ಮೂತ್ರಪಿಂಡ ಸೋಲುತ್ತಿದೆ ಎಂದು ಗೊತ್ತಾದವರು ಡಯಾಲಿಸಿಸ್ ಹತ್ತಿರ ಬರುವ ಮುಂಚೆಯೇ ಇದನ್ನು ವೈದ್ಯರಲ್ಲಿ ಪ್ರಸ್ತಾಪಿಸಬೇಕು. ಸುಸ್ತು ಎಂದೊಡನೆ “ಒಂದ್ ಸಲೈನ್ ಹಚ್ಚ್ರೀ” ಎನ್ನುವ ರೂಢಿ ಈ ಭಾಗದಲ್ಲಿ ಬಲವಾಗಿದೆ. ಹೀಗೆ ಪದೇ ಪದೇ ಚುಚ್ಚಿಸಿಕೊಂಡ ಮುಂಗೈ ನಾಳ ಗಟ್ಟಿಯಾಗಿ ಫಿಸ್ಟುಲಾಕ್ಕೆ ಬಾರದಂತಾಗುತ್ತದೆ. ಬಲಗೈ ರೂಢಿಯವರಿಗೆ ಸಾಮಾನ್ಯವಾಗಿ ಎಡ ಮುಂಗೈಯನ್ನೇ ಆರಿಸುವುದರಿಂದ ಇಂಥ ರೋಗಿಗಳು ಎಡತೋಳಿಗೆ ಸೂಜಿ ಹಾಕಿಸಿಕೊಳ್ಳಬಾರದು. ರಕ್ತ ತೆಗೆಯುವುದಿರಲಿ, ಸಲೈನ್ ಇರಲಿ, ಅಂಗೈಯ ಹಿಂಬದಿಯ ನಾಳದಲ್ಲೇ ಮಾಡಿಸಿಕೊಳ್ಳುವುದು ಒಳ್ಳೆಯದು.