ಯಂತ್ರ ನಮ್ಮೂರಲ್ಲೇ ಇದೆ, ಹೋಗಿ ಕೇಳಿ!

ಜಯನಗರ, ಬನಶಂಕರಿಯ ತರುಣ ಮಿತ್ರರೇ,

ಪಿಯುಸಿ ಓದಿ ಪ್ರೆಸ್ಸು ನಡೆಸುವವನು ನಾನು. ಅಚ್ಚಿನ ಚುಕ್ಕಿ ನೋಡಲು ನನಗೆ ಭೂತಗನ್ನಡಿ ಸಾಕು. ಆದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸು ಸುಮಾರು 50 ನ್ಯಾನೋಮೀಟರ್. ಸಾಮಾನ್ಯ ಸೂಕ್ಷ್ಮದರ್ಶಕ 200ಕ್ಕಿಂತ ಚಿಕ್ಕದನ್ನು ಬಿಡಿಸಿ ತೋರಿಸಲಾರದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಅದಕ್ಕೆ ಕೋಟಿಗಟ್ಟಲೆ ಬೆಲೆ. ನಮ್ಮ ಕಾಲೇಜುಗಳು ಕೊಳ್ಳಲಾರವು, ನಿಜ. ಆದರೆ ಊರಲ್ಲೇ ಇದೆಯಲ್ಲ! ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ, ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿದೆ. ನಮ್ಮ ನಿಮ್ಮ ತೆರಿಗೆ ದುಡ್ಡಿನದು. 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಉದ್ಘಾಟನೆಯಾದ ಐ-ಸ್ಟೆಮ್ ಜಾಲತಾಣದಲ್ಲಿ ಇಂಥ ಉಪಕರಣಗಳ ಪಟ್ಟಿಯಿದೆ. ಹೊರಗಿನವರೂ ಶುಲ್ಕ ಕಟ್ಟಿ ಸಮಯ ಕಾಯ್ದಿರಿಸಬಹುದು.

ಒಂದು ಮಾತು. ಯಂತ್ರದೊಳಗೆ ಗಾಳಿಯಿಲ್ಲ, ನಿರ್ವಾತ. ಹಸಿ ಜೀವಕೋಶ ಅಲ್ಲಿ ಹಾಗೇ ಉಳಿಯದು. ರಾಸಾಯನಿಕದಲ್ಲಿ ಗಟ್ಟಿಮಾಡಿ ನೀರು ತೆಗೆಯಬೇಕು, ಇಲ್ಲವೇ ಕ್ಷಣದಲ್ಲಿ ಹೆಪ್ಪುಗಟ್ಟಿಸಬೇಕು. ಪ್ಲೇಟೇ ಕೆಟ್ಟಿದ್ದರೆ ಅಚ್ಚು ಚೆನ್ನಾಗಿ ಬಂದೀತೇ? ಆದ್ದರಿಂದ ಮಾದರಿ ತೆಗೆಯುವ ಮುನ್ನವೇ ಅಲ್ಲಿನ ತಂತ್ರಜ್ಞರನ್ನು ಕಾಣಿರಿ.

ಇಂಗ್ಲಿಷ್ ತಡವರಿಸುತ್ತದೆಂದು ಹಿಂಜರಿಯಬೇಡಿ. ಗೈಡ್ ಒಪ್ಪಿಗೆ ಪಡೆಯಿರಿ, ಕನ್ನಡದಲ್ಲೇ ಧೈರ್ಯವಾಗಿ ಕೇಳಿರಿ. ಕಾಯಿಲೆಗೆ ನಮ್ಮ ಕಾಡಿನ ಹೆಸರಿದೆ. ಸಂಶೋಧನೆಗೆ ನಮ್ಮ ಮಕ್ಕಳ ಹೆಸರು ಬೇಡವೇ?