ಯಾವ ಪುಟ ಓದಿದರು, ಯಾರು ಓದಿದರು

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಹುಡುಕುವ ಪೆಟ್ಟಿಗೆಯಲ್ಲಿ ‘ಕುಪ್ಪ’ ಎಂದು ಬರೆಯುವಷ್ಟರಲ್ಲೇ ಕುಪ್ಪಳಿಯಂಥ ಹೆಸರುಗಳು ಕೆಳಗೆ ಸಾಲಾಗಿ ಇಳಿಯುತ್ತವೆ. ಆ ಪೆಟ್ಟಿಗೆ ಹೇಗಿರಬೇಕು, ಬಟನ್‌ಗೆ ಯಾವ ಬಣ್ಣ, ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದು ಹೇಗೆ ತಿಳಿಯಬೇಕು ಎಂಬುದನ್ನೆಲ್ಲ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ಒಂದು ಕೈಪಿಡಿಯಾಗಿ ಜಾಲತಾಣದಲ್ಲಿ ಇಟ್ಟಿದೆ. ಹೆಸರು ಕೋಡೆಕ್ಸ್. ಅದನ್ನು ಓದುವವರು ಹೆಚ್ಚಾಗಿ ವಿನ್ಯಾಸಕಾರರು, ಪ್ರೋಗ್ರಾಂ ಬರೆಯುವವರು.

ಇಂಥ ಕೈಪಿಡಿ ಬರೆದವರಿಗೆ ಒಂದು ಚಿಂತೆ ಇದ್ದೇ ಇರುತ್ತದೆ. ಬರೆದದ್ದು ಯಾರಿಗಾದರೂ ಉಪಯೋಗವಾಯಿತೇ? ರೇಡಿಯೋಗಾದರೆ ಕೇಳುಗರ ಪತ್ರ ಬರುತ್ತದೆ. ಕೈಪಿಡಿ ಓದಿದವರು ಪತ್ರ ಬರೆಯುವುದಿಲ್ಲ, ಕೆಲಸ ಮುಗಿಸಿ ಹೊರಟುಬಿಡುತ್ತಾರೆ. ಅಲ್ಲಿ ನೆರವಿಗೆ ಬರುವುದೇ ಅನಾಲಿಟಿಕ್ಸ್, ಅಂದರೆ ಪುಟಗಳ ಬಳಕೆಯ ಲೆಕ್ಕ.

ಪುಟದೊಳಗೆ ಪುಟ್ಟದೊಂದು ಪ್ರೋಗ್ರಾಂ ಕೂತಿರುತ್ತದೆ. ನೀವು ಪುಟ ತೆರೆದ ಕೂಡಲೇ ಅದು ಸರ್ವರ್‌ಗೆ ಸುದ್ದಿ ಕಳಿಸುತ್ತದೆ: ಯಾವ ಪುಟ, ಎಷ್ಟು ಗಂಟೆಗೆ, ಎಲ್ಲಿಂದ ಬಂದರು, ಫೋನೋ ಕಂಪ್ಯೂಟರೋ. ಇಂಥ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ 2005ರಲ್ಲಿ ಬಂತು. 2007ರಲ್ಲಿ ಪಿವಿಕ್ ಎಂಬ ಹೆಸರಿನಲ್ಲಿ ಹುಟ್ಟಿದ, ಅದೇ ಕೆಲಸ ಮಾಡುವ ಮುಕ್ತ ತಂತ್ರಾಂಶಕ್ಕೆ 2018ರಿಂದ ಮಟೋಮೊ ಎಂಬ ಹೆಸರು. ಇದನ್ನು ನಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬಹುದು, ಮಾಹಿತಿ ಬೇರೆ ಕಂಪನಿಯ ಕೈಗೆ ಹೋಗದು. ವಿಕಿಮೀಡಿಯ ತನ್ನ ಸಣ್ಣ ತಾಣಗಳಿಗೆ ಬಳಸಿದ್ದು ಇದನ್ನೇ.

ಆದರೆ ಅಂಕಿಗಳನ್ನು ಹುಷಾರಾಗಿ ಓದಬೇಕು. ಶಿವಮೊಗ್ಗದ ವಿದ್ಯಾನಗರದಲ್ಲಿ ಕೂತ ವಿದ್ಯಾರ್ಥಿನಿಯೊಬ್ಬಳು ಮೊಬೈಲ್‌ನಲ್ಲಿ ಪುಟ ತೆರೆದರೆ, ಲೆಕ್ಕದಲ್ಲಿ ಆಕೆ ಬೆಂಗಳೂರಿನವಳೆಂದು ದಾಖಲಾಗುವುದುಂಟು. ಊರನ್ನು ಊಹಿಸುವುದು ಐಪಿ ವಿಳಾಸದಿಂದ, ಅಂದರೆ ಅಂತರ್ಜಾಲದಲ್ಲಿ ಸಂಪರ್ಕಕ್ಕೆ ಸಿಗುವ ಸಂಖ್ಯೆಯಿಂದ. ಮೊಬೈಲ್ ಜಾಲದ ವಿಳಾಸಗಳು ಹಲವು ಸಲ ದೊಡ್ಡ ನಗರದ ಹೆಸರಿನಲ್ಲಿರುತ್ತವೆ. ಆ ಪಟ್ಟಿ ನೋಡಿ ‘ಸಣ್ಣ ಊರುಗಳಲ್ಲಿ ನಮಗೆ ಓದುಗರಿಲ್ಲ’ ಎಂದುಕೊಂಡರೆ ಅದು ಆಕೆಗೆ ಮಾಡುವ ಅನ್ಯಾಯ.

ಸಮಯದ ಲೆಕ್ಕವೂ ಹಾಗೆಯೇ. ಒಂದು ಪುಟದಲ್ಲಿ ಹತ್ತು ನಿಮಿಷ ನಿಂತವರು ಆಸಕ್ತಿಯಿಂದ ಓದಿದರೋ, ಅರ್ಥವಾಗದೆ ತಡಕಾಡಿದರೋ? ಅಂಕಿ ಹೇಳುವುದಿಲ್ಲ. ಅಂಗಡಿಯ ಜಾಲತಾಣದಲ್ಲಿ ಗಿರಾಕಿ ಒಂದೇ ಪುಟ ನೋಡಿ ಹೋದರೆ ನಷ್ಟ. ಕೈಪಿಡಿಯಲ್ಲಿ ಹಾಗೆ ಹೋದವರಿಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿರಲೂಬಹುದು. ಈ ಲೆಕ್ಕದಲ್ಲೆಲ್ಲ ನನಗೆ ಅತಿ ಬೆಲೆಯುಳ್ಳದ್ದು ಎನಿಸುವುದು, ಹುಡುಕಿದರೂ ಏನೂ ಸಿಗದ ಪದಗಳ ಪಟ್ಟಿ. ಓದುಗರು ಯಾವ ಹೆಸರಿನಿಂದ ಕೇಳುತ್ತಿದ್ದಾರೆ, ನಾವು ಯಾವುದನ್ನು ಬರೆದೇ ಇಲ್ಲ ಎಂಬುದು ಅಲ್ಲಿ ನೇರವಾಗಿ ಕಾಣುತ್ತದೆ.

ಇದಕ್ಕೆಲ್ಲ ಓದುಗರ ಗುರುತು ಬೇಕೇ? ಬೇಡ. ಐಪಿ ವಿಳಾಸದ ಕೊನೆಯ ಭಾಗವನ್ನು ಅಳಿಸಿ, ಬ್ರೌಸರ್‌ನಲ್ಲಿ ಗುರುತಿನ ಕುಕಿ ಇಡದೆಯೂ ಮಟೋಮೊ ಲೆಕ್ಕ ಮಾಡಬಲ್ಲದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ ನಮ್ಮ ದೇಶದಲ್ಲಿ 2023ರಲ್ಲಿ ಕಾನೂನು ಬಂದಿದೆ. ಕಾನೂನು ಇರಲಿ ಬಿಡಲಿ, ಬಟನ್‌ನ ಬಣ್ಣ ತಿಳಿಯಲು ಬಂದವರ ಹಿಂದೆ ಬೀಳುವುದು ಸಲ್ಲದು.

ವಿಕಿಪೀಡಿಯದ ಪುಟಗಳನ್ನು ಎಷ್ಟು ಸಲ ತೆರೆದಿದ್ದಾರೆ ಎಂಬ ಲೆಕ್ಕ, 2015ರ ಜುಲೈನಿಂದ ಈಚಿನದು, ಎಲ್ಲರಿಗೂ ನೋಡಲು ಸಿಗುತ್ತದೆ. ನಿಮ್ಮೂರಿನ ಪುಟದ್ದನ್ನು ತೆರೆದು ನೋಡಿ. ದಿನದಿನದ ಅಂಕಿ ಇರುತ್ತದೆ, ಓದಿದವರ ಹೆಸರಿರುವುದಿಲ್ಲ.