ಬೋಟ್ ನಿಂತರೆ ಮೊದಲು ಥ್ರಾಟಲ್ ಬಿಡಿ

ವಾರಪೂರ್ತಿ ಸರ್ವರ್ ಕಾಯೋ ನಮ್ಮಂಥವರಿಗೆ ಭಾನುವಾರ ಮಕ್ಕಳ ಜೊತೆ ರಿಮೋಟ್ ಬೋಟ್ ಬಿಡೋದು ಒಳ್ಳೇ ಹವ್ಯಾಸ. ಶಂಶಾಬಾದ್‌ನಲ್ಲಿ ಇರೋರಿಗೆ ಹಿಮಾಯತ್ ಸಾಗರ ಪಕ್ಕದಲ್ಲೇ ಇದೆ. ಆದರೆ ಅದು 1908ರ ಮೂಸಿ ಪ್ರವಾಹದ ನಂತರ ಈಸಿ ನದಿಗೆ ಕಟ್ಟಿದ ಕುಡಿಯೋ ನೀರಿನ ಜಲಾಶಯ. ಗ್ರೀಸ್ ಬಿಡೋ ಬೋಟಿಗೆ ಅದು ಜಾಗ ಅಲ್ಲ. ಅನುಮತಿ ಇರೋ ಸಣ್ಣ ಕೊಳ ಸಾಕು. ಅಲ್ಲಿ ಅಂತರಗಂಗೆ ಇದೆಯಾ ಅಂತ ಮೊದಲು ನೋಡಿ. ತೆಲುಗಿನವರು ಗುರ್ರಪು ಡೆಕ್ಕ ಅಂತಾರಲ್ಲ, ಅದೇ.

ಅದರ ಬೇರು ಪ್ರೊಪೆಲರಿಗೆ ಸುತ್ತಿಕೊಂಡರೆ ಏನಾಗತ್ತೆ? ತಿರುಗೋ ಮೋಟರ್ ಬ್ಯಾಟರಿಗೆ ಎದುರಾಗಿ ತಾನೂ ಒಂದು ವೋಲ್ಟೇಜ್ ಹುಟ್ಟಿಸ್ತಿರತ್ತೆ. ಕರೆಂಟಿಗೆ ಅದೇ ಕಡಿವಾಣ. ಮೋಟರ್ ನಿಂತರೆ ಕಡಿವಾಣ ಹೋಯ್ತು. ಕರೆಂಟ್ ಎರಡು ಪಟ್ಟಾದರೆ ವೈಂಡಿಂಗ್ ಬಿಸಿ ನಾಲ್ಕು ಪಟ್ಟು. ಇನ್ನೊಂದು ಪೇಚು ಇದೆ. ನೀರಿನಿಂದ ತಂಪಾಗೋ ಬೋಟುಗಳಲ್ಲಿ, ಸಾಮಾನ್ಯವಾಗಿ ಬೋಟ್ ಓಡ್ತಿದ್ದರೆ ಮಾತ್ರ ನೀರು ಪೈಪಿಗೆ ನುಗ್ಗತ್ತೆ. ಅಂದರೆ ಬಿಸಿ ಏರೋ ಹೊತ್ತಿಗೇ ತಂಪು ನಿಲ್ಲತ್ತೆ. ಆಗ ನಾವೇನು ಮಾಡ್ತೀವಿ? ಇನ್ನಷ್ಟು ಥ್ರಾಟಲ್ ಒತ್ತುತೀವಿ. ಬಿದ್ದಿರೋ ಸರ್ವರಿಗೆ ರೀಟ್ರೈ ಮೇಲೆ ರೀಟ್ರೈ ಕಳಿಸಿದ ಹಾಗೆ!

ಇಲ್ಲೂ ಸರ್ಕ್ಯೂಟ್ ಬ್ರೇಕರ್ ಬೇಕು. ಮೊದಲನೇದು ನಿಮ್ಮ ಬೆರಳು: ಬೋಟ್ ನಿಂತ ತಕ್ಷಣ ಥ್ರಾಟಲ್ ಬಿಡಿ. ಎರಡನೇದು ಬ್ಯಾಟರಿ ಮತ್ತು ಸ್ಪೀಡ್ ಕಂಟ್ರೋಲರ್ ಮಧ್ಯೆ ಒಂದು ಫ್ಯೂಸ್. ಮಾಮೂಲಿ ಓಟಕ್ಕೆ 30 ಆಂಪಿಯರ್ ಬೇಕಿದ್ದರೆ 40ರ ಫ್ಯೂಸ್ ಹಾಕಿ. ಅದು ಹಾರೋಕೆ ಕೆಲವು ಸೆಕೆಂಡ್ ಆಗಬಹುದು, ಅದಕ್ಕೇ ಬೆರಳು ಮೊದಲು. ಕಡಿಮೆ ಬೆಲೆಯ ಭಾಗ ಮೊದಲು ಹೋಗಬೇಕು; ದುಬಾರಿದು ಉಳೀಬೇಕು.

ಇನ್ನು ಶಾಫ್ಟ್. ವೇಗದ ಬೋಟುಗಳಲ್ಲಿ ಇರೋದು ತಂತಿಗಳನ್ನ ಹೊಸೆದು ಮಾಡಿದ ಫ್ಲೆಕ್ಸ್ ಕೇಬಲ್. ಜೋರಾಗಿ ತಿರುಚಿದಾಗ ಅದು ಸ್ವಲ್ಪ ಗಿಡ್ಡ ಆಗತ್ತೆ. ಹಿಂದೆ ಪ್ರೊಪೆಲರನ್ನ ಹಿಡಿಯೋ ಡ್ರೈವ್ ಡಾಗ್‌ಗೂ ಸ್ಟ್ರಟ್‌ಗೂ ನಡುವೆ 2-3 ಮಿಲಿಮೀಟರ್ ಜಾಗ ಬಿಡದಿದ್ದರೆ ಎರಡೂ ಉಜ್ಜಿಕೊಂಡು ಬಿಗಿಯಾಗತ್ತೆ. ಮೋಟರ್ ಮತ್ತು ಶಾಫ್ಟ್ ಟ್ಯೂಬ್ ಒಂದೇ ನೇರಕ್ಕೆ ಇರಲಿ. ಟ್ಯೂಬಿಗೆ ಮೆರೀನ್ ಗ್ರೀಸ್ ಹಾಕಿ. ಅದು ಸವೆತವನ್ನೂ ತಡೆಯತ್ತೆ, ನೀರನ್ನೂ ತಡೆಯತ್ತೆ. ಮನೆಗೆ ಬಂದ ಮೇಲೆ ಕೇಬಲ್ ಹೊರಗೆ ಎಳೆದು ಒರೆಸಿ, ಹೊಸ ಗ್ರೀಸ್ ಸವರಿ. ಒಳಗೆ ನೀರು ಉಳಿದರೆ ತಂತಿ ತುಕ್ಕು ಹಿಡಿದು ಒಂದು ದಿನ ಪಟ್ಟನೆ ತುಂಡಾಗತ್ತೆ. ನೀರಿಗೆ ಬಿಡೋ ಮುಂಚೆ, ಬ್ಯಾಟರಿ ಜೋಡಿಸದೆ, ಪ್ರೊಪೆಲರನ್ನ ಬೆರಳಲ್ಲಿ ತಿರುಗಿಸಿ. ಎಲ್ಲಾದರೂ ತಡೆದರೆ ಅವತ್ತು ಬಿಡಬೇಡಿ.

ಇಷ್ಟೆಲ್ಲಾ ಯಾಕೆ ಅಂದರೆ, ಮೋಟರ್ ಸುಟ್ಟರೆ ದುಡ್ಡು ಹೋಗತ್ತೆ ಅಷ್ಟೇ. ಆದರೆ ಬೋಟ್ ಕೊಳದ ನಡುವೆ ನಿಂತಾಗ ಮಗು ಅಳತ್ತೆ, ಯಾರೋ ಒಬ್ಬರು ಪ್ಯಾಂಟ್ ಮಡಚಿ ನೀರಿಗೆ ಇಳೀತಾರೆ. ಕೆಳಗೆ ಹೂಳು ಎಷ್ಟಿದೆ, ಗುಂಡಿ ಎಲ್ಲಿದೆ ದಡದಿಂದ ಕಾಣಲ್ಲ. ಇಳೀಬೇಡಿ. ಗಟ್ಟಿ ಮೀನುದಾರಕ್ಕೆ ಟೆನಿಸ್ ಚೆಂಡು ಕಟ್ಟಿಕೊಂಡು ಹೋಗಿ. ಬೋಟಿನ ಆಚೆಗೆ ಎಸೆದು ಮೆಲ್ಲಗೆ ಎಳೀರಿ. ಸಿಗದಿದ್ದರೆ ಗಾಳಿ ದಡಕ್ಕೆ ತರಲಿ, ಕಾಯಿರಿ. ಕಾಯೋದು ನಮಗೇನು ಹೊಸದಲ್ಲವಲ್ಲ!